ಪಿ.ಟಿ. ಮೇಡಂ ಮತ್ತು ಕಾಡಿನ ಮಡು

ಮೇಡಂ ತೀರಿಕೊಂಡ ಸುದ್ದಿ ನಮ್ಮ ಬೀದಿಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈ ಮುಗಿದ ಚಿತ್ರ, ಅರಳಿದ ಕಮಲ, ಕೆಳಗೆ ‘ಓಂ ಶಾಂತಿ’. ನೋಡಿ ಅಳು ಬಂತು, ಹಿಂದೆಯೇ ನಗುವೂ ಬಂತು. ಶಾಂತಿಗೂ ಆ ಹೆಂಗಸಿಗೂ ಯಾವ ಜನ್ಮದ ನಂಟು? ಬದುಕಿದ್ದಷ್ಟು ದಿನ ತಾವೂ ಸುಮ್ಮನಿರಲಿಲ್ಲ, ಸುತ್ತಲಿನವರನ್ನೂ ಸುಮ್ಮನಿರಲು ಬಿಡಲಿಲ್ಲ.

ಸಿಂಗಟಗೆರೆ ಅವರ ತವರು. ಕೊನೆಗಾಲದಲ್ಲಿ ತಮ್ಮನ ತೆಂಗಿನ ತೋಟದ ಮನೆಯಲ್ಲೇ ಇದ್ದರು. ತರೀಕೆರೆಯಿಂದ ಕಡೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಮಾಡಿಕೊಂಡು ನಾನು ಮತ್ತು ಗೌರಕ್ಕ ಮುಟ್ಟುವ ಹೊತ್ತಿಗೆ ಜನ ಸೇರಿದ್ದರು. ನಮ್ಮ ಜನರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಮೇಡಂ ಅವರನ್ನೂ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ ಕೂರಿಸಿದ್ದರು. ಅಷ್ಟು ಹೊತ್ತು ಒಂದೇ ಕಡೆ ಕೂತ ಮೇಡಂ ಅವರನ್ನು ನಾನು ನೋಡಿಯೇ ಇರಲಿಲ್ಲ. ಗೌರಕ್ಕ ನನ್ನ ಕಿವಿಗೆ ಬಾಯಿಟ್ಟು, “ಈಗ ಎದ್ದು ಎಲ್ರನ್ನೂ ತೋಟದ ಸುತ್ತ ಒಂದ್ ರೌಂಡ್ ಓಡಿಸ್ತಾರೆ ನೋಡೇ” ಅಂದಳು. ಸಾವಿನ ಮನೆಯಲ್ಲಿ ನಗಬಾರದಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡೆ. ನೋಡಿದವರು, ಪಾಪ, ಈಕೆಗೆ ದುಃಖ ತಡೆಯಲಾಗುತ್ತಿಲ್ಲ ಅಂದುಕೊಂಡರು. ಅದೂ ಸುಳ್ಳಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ತರೀಕೆರೆಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ನಮ್ಮ ಹೈಸ್ಕೂಲಿನಲ್ಲಿ ಆಟ ಆಡಿಸುವ ಟೀಚರಾಗಿ ಬಂದವರು ಊರಿಗೆಲ್ಲ ಪಿ.ಟಿ. ಮೇಡಂ ಆದರು, ರಿಟೈರಾದ ಮೇಲೂ ಪಿ.ಟಿ. ಮೇಡಂ ಆಗಿಯೇ ಉಳಿದರು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಸ್ಕೂಲಿಗೂ ಅದೇ, ಸಂತೆಗೂ ಅದೇ, ಮದುವೆ ಮನೆಗೂ ಅದೇ. ಒಂದು ಮದುವೆಯಲ್ಲಿ ಗಂಡಿನ ಕಡೆಯ ಹೆಂಗಸೊಬ್ಬಳು, “ಏನ್ ಮೇಡಂ, ರೇಷ್ಮೆ ಸೀರೆಗೆ ಶೂನಾ?” ಅಂತ ಕಿಸಕ್ಕನೆ ನಕ್ಕಳಂತೆ. “ಊಟದ ಪಂಕ್ತಿಗೆ ಓಡ್ಬೇಕಲ್ಲಮ್ಮ, ನೀವೆಲ್ಲ ಸ್ಲಿಪ್ಪರ್‌ನಲ್ಲಿ ಹಿಂದೆ ಉಳಿದ್ಬಿಡ್ತೀರಿ” ಅಂದರಂತೆ ಮೇಡಂ. ಅಂದ ಹಾಗೇ ಮೊದಲ ಪಂಕ್ತಿಯಲ್ಲಿ ಕೂತು ಉಂಡೆದ್ದು ಬಂದರು.

ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಯಾರಿಗಿತ್ತು? ಗೌರಕ್ಕನಿಗೆ ಇತ್ತು. ಅವಳು ನಮ್ಮ ಬೀದಿಯ ಮೂಲೆಯಲ್ಲಿ ಇಡ್ಲಿ ಹೋಟೆಲ್ ನಡೆಸುವವಳು, ಬಾಯಿಗೆ ಬಂದದ್ದನ್ನು ಕೇಳುವವಳು. “ಲಗ್ನ ಎಲ್ಲಾ ಬರೋದು ಏಪ್ರಿಲ್ ಮೇನಲ್ಲಿ ಕಣೇ. ನಂಗೆ ಆವಾಗ್ಲೇ ಕೋಚಿಂಗ್ ಕ್ಯಾಂಪ್ ಇರ್ತಿತ್ತು. ಟೈಮ್ ಸಿಗ್ಲಿಲ್ಲ” ಅಂದರು ಮೇಡಂ, ಇಡ್ಲಿ ಮುರಿಯುತ್ತಾ. ನಿಂತೇ ತಿನ್ನುತ್ತಿದ್ದರು, ಕುರ್ಚಿ ಎಳೆದು ಕೊಟ್ಟರೂ ಕೂರುತ್ತಿರಲಿಲ್ಲ.

ಇಂಥವರು ನನಗೆ ಹೇಗೆ ಗಂಟು ಬಿದ್ದರು ಅನ್ನುವುದಕ್ಕೆ ನನ್ನ ಕಾಲಿನ ವಿಷಯ ಹೇಳಬೇಕು. ನನಗೆ ನೆನಪೇ ಇಲ್ಲದ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿತು. ಎಡಗೈಯನ್ನು ಎಡ ಮಂಡಿಯ ಮೇಲೆ ಊರಿ, ಒತ್ತಿ, ಆಮೇಲೆ ಹೆಜ್ಜೆ. ಹಾಗೆ ನಡೆಯುವವರಿಗೆ ಒಂದು ಕೈ ಯಾವಾಗಲೂ ಕಾಲಿಗೆ ಅಡವಿಟ್ಟ ಹಾಗೆ. ಕೊಡೆ ಹಿಡಿದರೆ ಚೀಲ ಹಿಡಿಯುವಂತಿಲ್ಲ, ಚೀಲ ಹಿಡಿದರೆ ಸೆರಗು ಸರಿ ಮಾಡಿಕೊಳ್ಳುವಂತಿಲ್ಲ. ನಮ್ಮವ್ವ ದಿನಾ ಬೆಳಿಗ್ಗೆ ಆ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಂತರಘಟ್ಟಮ್ಮನಿಂದ ಹಿಡಿದು ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಕಾಲು ಮಾತ್ರ ಯಾವ ದೇವರ ಮಾತನ್ನೂ ಕೇಳಲಿಲ್ಲ.

ಹೈಸ್ಕೂಲಿನಲ್ಲಿ ಪಿ.ಟಿ. ಪೀರಿಯಡ್ ಅಂದರೆ ಮೈದಾನದ ತುಂಬಾ ಮೇಡಂ ಅವರ ಗಂಟಲು. “ಲೇ, ಕುಂಬಳಕಾಯಿ ಉರುಳ್ದಂಗೆ ಉರುಳ್ಬೇಡ, ಓಡೇ!” “ಏನೇ, ಕೈಗೆ ಮೆಹಂದಿ ಹಾಕಿದೀಯಾ? ಬಾಲ್ ಹಿಡಿ!” ಯಾರಾದರೂ “ನಂಗಾಗಲ್ಲ ಮೇಡಂ” ಅಂದರೆ ಮುಗಿಯಿತು. “ಆಗಲ್ಲ ಅನ್ನೋದನ್ನ ಆಮೇಲ್ ಹೇಳು. ಮೊದ್ಲು ಬಾ” ಅಂತ ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದರು. ಜ್ವರ ಅಂದವಳನ್ನೂ ಬಿಡುತ್ತಿರಲಿಲ್ಲ, ಹಣೆ ಮುಟ್ಟಿ ನೋಡಿ ಸುಳ್ಳಾದರೆ ಇನ್ನೊಂದು ಸುತ್ತು ಓಡಿಸುತ್ತಿದ್ದರು.

ನನ್ನೊಬ್ಬಳಿಗೆ ಮಾತ್ರ ಬೇರೆಯದೇ ದನಿ. “ನೀನು ನೆರಳಲ್ಲಿ ಕೂತ್ಕೊಳವ್ವ.” ಹೊಂಗೆ ಮರದ ಕೆಳಗೆ ಕೂತು ಎಲ್ಲರ ಚಪ್ಪಲಿ, ಬಳೆ, ಊಟದ ಡಬ್ಬಿ ಕಾಯುವುದು ನನ್ನ ಪಾಲಿನ ಆಟ. ಅವರು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಕಡಲೆಕಾಯಿ ಬೆಲ್ಲ ತಂದರೆ ಮೊದಲು ನನಗೇ ಕೊಡುತ್ತಿದ್ದರು. ಆ ಕನಿಕರ ನನಗೆ ಸೇರುತ್ತಿರಲಿಲ್ಲ. ಎಲ್ಲರಿಗೂ ಬೈದ ಹಾಗೆ ನನಗೂ ಬೈಯಲಿ, ರಟ್ಟೆ ಹಿಡಿದು ಎಳೆಯಲಿ, ಬಿದ್ದರೆ ಬೀಳುತ್ತೇನೆ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಹೇಳಲು ಬಾಯಿ ಇರಲಿಲ್ಲ. ಬಾಯಿ ಬಂದದ್ದು ಆಮೇಲೆ, ಸರ್ಕಾರಿ ಕಚೇರಿಯಲ್ಲಿ ಖಾತೆ, ಪಹಣಿ ಅಂತ ಬರುವ ಜನಕ್ಕೆ ಉತ್ತರ ಹೇಳುವ ಕೆಲಸಕ್ಕೆ ಸೇರಿದ ಮೇಲೆ. ಈಗ ಆ ಬಾಯಿಗೆ ಹೆದರಿ ಜನ ಪಕ್ಕದ ಟೇಬಲ್ಲಿಗೆ ಹೋಗುತ್ತಾರೆ.

ರಿಟೈರಾದ ಮೇಲೆ ಮೇಡಂ ನಮ್ಮ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದರು. ತಿಂಗಳು ಕಳೆಯುವುದರೊಳಗೆ ಬೀದಿಯ ಹೆಂಗಸರ ನೆಮ್ಮದಿ ಹೋಯಿತು. ಬೆಳಕು ಹರಿಯುತ್ತಲೇ ಬಾಗಿಲು ಬಡಿದು ನಡೆಸಿಕೊಂಡು ಹೋಗುವುದು, ಭಾನುವಾರ ಬಂದರೆ ಕೆರೆ ಏರಿ, ಗುಡ್ಡ, ಕಾಡಂಚು. ಗೌರಕ್ಕನಂಥ ಗೌರಕ್ಕ ಹೋಟೆಲ್ ಬಾಗಿಲು ಹಾಕಿ ಹೊರಟುಬಿಡುತ್ತಿದ್ದಳು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ನಗುತ್ತಾ ಹೋಗುತ್ತಿದ್ದರು, ಬೆವರುತ್ತಾ ಬರುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಸಂಜೆ ಮೇಡಂ ನಮ್ಮ ಮನೆಗೆ ಬಂದರು. “ಭಾನುವಾರ ಏನ್ಮಾಡ್ತೀಯೇ?”

“ಯಾಕೆ ಮೇಡಂ? ಚಪ್ಪಲಿ ಕಾಯೋಕೆ ಯಾರೂ ಸಿಗ್ಲಿಲ್ವಾ?” ಅಂದುಬಿಟ್ಟೆ.

ಅವ್ವ ಒಳಗಿನಿಂದ, “ಏನೇ ಅದು ಮಾತು!” ಅಂತ ಗದರಿದಳು. ಅವ್ವ ಕಾಫಿ ತಂದಳು. ಮೇಡಂ ಅದನ್ನು ಮುಟ್ಟದೆ ಹೊರಟುಹೋದರು. ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಮಾರನೇ ದಿನ ಕಚೇರಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರವೇ ನಿಂತಿದ್ದರು. ಪೀಠಿಕೆ ಇಲ್ಲ, ಏನಿಲ್ಲ. “ಆವತ್ತು ನಿನ್ನ ಮರದ ಕೆಳಗೆ ಕೂರ್ಸಿದ್ದು ನಿನ್ ಕಾಲಿಗೆ ಹೆದರಿ ಅಲ್ಲ ಕಣೇ. ನೀನು ಬಿದ್ರೆ ನಾನು ಉತ್ರ ಹೇಳ್ಬೇಕಲ್ಲ ಅಂತ ಹೆದರಿದ್ದೆ. ತಪ್ಪು ಮಾಡ್ದೆ. ಸರಿ, ಈಗ ಹೇಳು. ಈಜು ಕಲೀತೀಯಾ?”

“ನಂಗಾಗಲ್ಲ ಮೇಡಂ.”

“ಆಗಲ್ಲ ಅನ್ನೋದನ್ನ ಆಮೇಲ್ ಹೇಳು. ಮೊದ್ಲು ಬಾ” ಅಂದು ರಟ್ಟೆ ಹಿಡಿದರು. ನಡುಬೀದಿಯಲ್ಲಿ, ನನ್ನ ಸಾಹೇಬರ ಎದುರಿಗೆ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಹೈಸ್ಕೂಲಿನ ಹುಡುಗಿಯ ಹಾಗೆ ಅವರ ಹಿಂದೆ ನಡೆದೆ.

ಕಾಡಿನೊಳಗೆ ಒಂದು ಹಳ್ಳ ಇದೆ ಅಂದರು. ಬೆಟ್ಟದಿಂದ ಇಳಿದು ಬರುವ ಹಳ್ಳ. ಬಂಡೆಗಳ ನಡುವೆ ನೀರು ನಿಂತು ಒಳ್ಳೆಯ ಮಡು ಆಗಿದೆ, ಕಲ್ಯಾಣಿಯಷ್ಟು ಅಗಲ. ಒಂದು ಕಡೆ ಸೊಂಟದಷ್ಟು ನೀರು, ಇನ್ನೊಂದು ಕಡೆ ಆಳು ಮುಳುಗುತ್ತದೆ. ದಾರಿ ಸುಲಭ. ಅರಣ್ಯ ಇಲಾಖೆಯವರ ಪರವಾನಗಿ ತಾವೇ ತೆಗೆದುಕೊಳ್ಳುತ್ತಾರಂತೆ, ಗಾರ್ಡ್ ಜೊತೆಗಿರುತ್ತಾರಂತೆ. “ನೀರಲ್ಲಿ ನಿನ್ ಕಾಲಿನ ಮ್ಯಾಲೆ ಭಾರನೇ ಬೀಳಲ್ಲ ಕಣೇ. ಕೈ ಎರಡೂ ನಿಂದೇ” ಅಂದರು.

ಆ ಮಾತು ನನ್ನನ್ನು ಹಿಡಿದುಕೊಂಡಿತು. ನನಗೆ ಈಜುಗಾತಿ ಆಗಬೇಕಾಗಿರಲಿಲ್ಲ. ಮಂಡಿಯ ಮೇಲೆ ಕೈ ಇಡದೆ ಒಂದು ಸಲ, ಸಾಯುವುದರೊಳಗೆ ಒಂದೇ ಒಂದು ಸಲ, ಇಲ್ಲಿಂದ ಅಲ್ಲಿಗೆ ಹೋಗಬೇಕಾಗಿತ್ತು. ಎಷ್ಟು ದೂರವಾದರೂ ಸರಿ, ಈ ದಡದಿಂದ ಆ ದಡಕ್ಕೆ ಆದರೂ ಸರಿ.

ತರಬೇತಿ ಶುರುವಾಯಿತು. ಎಲ್ಲಿ ಅಂದರೆ ಗೌರಕ್ಕನ ಹೋಟೆಲಿನ ಹಿತ್ತಲಲ್ಲಿ. ಇಡ್ಲಿ ಹಿಟ್ಟು ಕಲಸುವ ದೊಡ್ಡ ಕೊಳಗಕ್ಕೆ ನೀರು ತುಂಬಿ, ಅದರಲ್ಲಿ ಮುಖ ಅದ್ದಿ ಗುಳುಗುಳು ಅಂತ ಉಸಿರು ಬಿಡಬೇಕು. ಮೊದಲ ದಿನ ಮೂಗಿಗೆ ನೀರು ಹೋಗಿ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು. “ಹಿಟ್ಟಿನ ವಾಸನೆ ಮೇಡಂ!” ಅಂದರೆ, “ಮಡುವಲ್ಲಿ ಮೀನಿನ ವಾಸನೆ ಇರ್ತದೆ, ಈಗ್ಲೇ ಅಭ್ಯಾಸ ಮಾಡ್ಕೋ” ಅಂದರು. ಆಮೇಲೆ ಹೋಟೆಲಿನ ಬೆಂಚಿನ ಮೇಲೆ ಬೋರಲು ಮಲಗಿ ಕೈ ಬೀಸುವುದು. ಇಡ್ಲಿಗೆ ಬಂದವರು ಹಿತ್ತಲಿಗೆ ಇಣುಕಿ ನೋಡಿ, “ಏನ್ ಗೌರಕ್ಕ, ಹೊಸಾ ಐಟಮ್ಮಾ?” ಅಂತ ಕೇಳುತ್ತಿದ್ದರು.

ನೀರಿಗಿಳಿಯಲು ತೆಂಗಿನಕಾಯಿ ಕಟ್ಟುತ್ತೇನೆ ಅಂದರು ಮೇಡಂ. ಸಿಂಗಟಗೆರೆ ಕಡೆ ಹುಡುಗರು ಈಜು ಕಲಿಯುವುದೇ ಹಾಗಂತೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದು ಒಳಗೆ ಕೊಬ್ಬರಿ ಆದ ಕಾಯಿ, ಸಿಪ್ಪೆ ಸಮೇತ. ಎರಡು ಕಾಯಿಯ ಸಿಪ್ಪೆಯಿಂದ ಒಂದೊಂದು ಎಳೆ ಎಬ್ಬಿಸಿ ಗಂಟು ಹಾಕಿದರೆ ಜೋಡಿ ಆಗುತ್ತದೆ. ಅದನ್ನು ಬೆನ್ನಿಗೋ ಸೊಂಟಕ್ಕೋ ಕಟ್ಟಿದರೆ ಆಳು ಮುಳುಗುವುದಿಲ್ಲ. ಬಟ್ಟೆ ಒಗೆಯುವ ನೆಪದಲ್ಲಿ ಕೆರೆಗೆ ಹೋಗಿ, ಅಣ್ಣಂದಿರ ಕಾಯಿ ಕದ್ದು ಕಟ್ಟಿಕೊಂಡು ತಾವೂ ಹಾಗೇ ಕಲಿತದ್ದು ಅಂದರು. ತಮ್ಮನ ಅಟ್ಟದಿಂದ ಎರಡು ಜೋಡಿ ಕಾಯಿ ತರಿಸಿಯೂ ಬಿಟ್ಟರು.

ಉಳಿದದ್ದು ಅವ್ವ. ಅವ್ವ ಬುಕ್ಕಾಂಬುಧಿಯವಳು, ಅಷ್ಟು ದೊಡ್ಡ ಕೆರೆಯ ಏರಿ ಮೇಲೆ ಓಡಾಡಿ ಬೆಳೆದವಳು. ಆದರೆ ನೀರಿಗೆ ಕೈ ಮುಗಿಯುವುದು ಗೊತ್ತೇ ಹೊರತು ಇಳಿಯುವುದು ಗೊತ್ತಿಲ್ಲ.

“ನೆಲದ ಮ್ಯಾಲೇ ನೆಟ್ಟಗೆ ನಿಲ್ಲಾಕಾಗದ ಮಗೀನ ನೀರಿಗೆ ಹಾಕ್ತೀರಾ ಟೀಚರಮ್ಮ? ನಿಮಗೇನ್ ತಲೆ ಕೆಟ್ಟೈತಾ?” ಅಂದಳು. ‘ಮಗು’ ಅಂದರೆ ನಾನು, ನಲವತ್ತು ದಾಟಿದವಳು.

“ನೀವೂ ಬನ್ನಿ ಅಕ್ಕಾ. ಹೆದರಿಕೆ ಆದ್ರೆ ನೀವೇ ಎಳ್ಕೊಂಡು ಬರೀರಂತೆ” ಅಂದರು ಮೇಡಂ. ಅವ್ವ ಬಿಡಿಸಿಕೊಳ್ಳುವ ದಾರಿ ಇಲ್ಲದೆ ಹೂಂ ಅಂದಳು.

ಸಂಕ್ರಾಂತಿ ಕಳೆದ ಭಾನುವಾರ ಹೊರಟೆವು. ಮೇಡಂ, ನಾನು, ಅವ್ವ, ಗೌರಕ್ಕ. ಒಂದು ಓಮ್ನಿ ಮಾಡಿಕೊಂಡು ಲಿಂಗದಹಳ್ಳಿ ದಾಟಿ ಬೆಟ್ಟದ ಬುಡಕ್ಕೆ ಹೋದೆವು. ಚೆಕ್‌ಪೋಸ್ಟಿನಲ್ಲಿ ಫಾರೆಸ್ಟ್ ಗಾರ್ಡ್ ಕಾದಿದ್ದರು, ಇನ್ನೇನು ರಿಟೈರಾಗುವ ವಯಸ್ಸಿನ ನಿಧಾನಸ್ಥ ಮನುಷ್ಯ, ಸೊಂಟದಲ್ಲಿ ಮಚ್ಚು. ಅಲ್ಲಿಂದ ಗಾಡಿ ಜಾಡಿನ ದಾರಿ. ತೇಗ, ಮತ್ತಿ, ಬಿದಿರು ಮೆಳೆ, ಕೆಳಗೆಲ್ಲ ತರಗೆಲೆ. ಮೇಡಂ ಮುಂದೆ, ನಾನು ನಡುವೆ, ಹಿಂದೆ ಗಾರ್ಡ್, ಅವರ ಹಿಂದೆ ಅವ್ವ ಮತ್ತು ಗೌರಕ್ಕ.

ದಾರಿ ನಿಜವಾಗಿ ಸುಲಭವಾಗಿತ್ತು. ಅದೇ ನನಗೆ ಆಶ್ಚರ್ಯ. ತೊಡೆ ಉರಿ ಬಂತು, ಇನ್ನು ಒಂದು ಹೆಜ್ಜೆ ಆಗುವುದಿಲ್ಲ ಅನ್ನುವಷ್ಟರಲ್ಲಿ ಮೇಡಂ, “ಇಲ್ಲಿ ಕಲ್ಲೈತೆ, ಕೂತ್ಕೊ” ಅನ್ನುತ್ತಿದ್ದರು. ಕೂತರೆ ಕಲ್ಲು ನನ್ನ ಕಾಲಿಗೆ ಅಳತೆ ತೆಗೆದ ಹಾಗಿರುತ್ತಿತ್ತು. ಮತ್ತೆ ಎದ್ದು ನಡೆದು, ಮತ್ತೆ ಉರಿ ಬರುವ ಹೊತ್ತಿಗೆ ಬಿದ್ದ ಮರದ ದಿಮ್ಮಿ. ಒಂದು ಕಡೆ ಜಾರುವ ಇಳಿಜಾರು ಬಂತು. ಅಲ್ಲಿ ಜಾಡು ಬಿಟ್ಟು ಬಳಸಿಕೊಂಡು ಕರೆದೊಯ್ದರು. ನನಗೆ ಯಾವಾಗ ನೋಯುತ್ತದೆ ಅಂತ ನನಗಿಂತ ಮೊದಲು ಇವರಿಗೆ ಹೇಗೆ ಗೊತ್ತಾಗುತ್ತದೆ ಅನ್ನಿಸಿತು.

ಹಿಂದಿನಿಂದ ಗಾರ್ಡ್ ಕೂಗಿ ಕೇಳಿದರು, “ಮೇಡಂ, ಕಾಲು ವಾಸಿ ಆಯ್ತಾ?”

ಮೇಡಂ ಕೇಳಿಸದವರ ಹಾಗೆ ಮುಂದೆ ನಡೆದರು.

“ಯಾರ ಕಾಲು?” ಅಂದೆ ನಾನು.

“ಅವರ್ದೇ ಕಣಮ್ಮ. ಹೋದ್ವಾರ ನನ್ ಜೊತೆ ದಾರಿ ನೋಡಾಕ್ ಬಂದಿದ್ರು. ಪಾಪ, ಮಂಡಿ ಮ್ಯಾಲೆ ಕೈಯಿಟ್ಕಂಡು ಕುಂಟ್ಕಂಡು ಕುಂಟ್ಕಂಡೇ ಬಂದ್ರು, ಅಷ್ಟು ದೂರನೂವೆ. ನೋಯ್ತದೆ ಅಂತ ಅಲ್ಲಲ್ಲೇ ಕೂರೋರು. ಯಾಕ್ ಮೇಡಂ ಕಷ್ಟ ಪಡ್ತೀರಿ, ವಾಪಸ್ ಹೋಗಣ ಅಂದೆ. ಕೇಳ್ಲೇ ಇಲ್ಲ. ಇವತ್ತು ನೋಡಿದ್ರೆ ಜಿಂಕೆ ಹೋದಂಗೆ ಹೋಗ್ತಾವ್ರೆ.”

ನಾನು ನಿಂತುಬಿಟ್ಟೆ. ನನ್ನ ಹಾಗೆ ಕೈ ಊರಿಕೊಂಡು ಆ ದಾರಿಯನ್ನೆಲ್ಲ ಮೊದಲೇ ಅಳೆದು ಬಂದಿದ್ದರು. ಒಂದು ಮಾತು ನನಗೆ ಹೇಳಿರಲಿಲ್ಲ. ಹೊಂಗೆ ಮರದ ಕೆಳಗಿನ ಸಿಟ್ಟು ಇಷ್ಟು ವರ್ಷ ನನ್ನ ಜೊತೆಗೇ ಇತ್ತಲ್ಲ, ಅದನ್ನು ಅಲ್ಲೇ ಆ ತರಗೆಲೆಯ ಮೇಲೆ ಬಿಟ್ಟೆ. ಆ ಹೆಂಗಸಿನ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು. ಕಣ್ಣು ತುಂಬಿ ದಾರಿ ಕಾಣಲಿಲ್ಲ.

“ಲೇ, ಬೇರೈತೆ ಅಲ್ಲಿ, ಕಣ್ಣು ಬಿಟ್ಕೊಂಡು ನಡಿಯೇ!” ಅಂತ ಮುಂದಿನಿಂದ ಬೈದರು. ಹೈಸ್ಕೂಲಿನಲ್ಲಿ ನನಗೆ ಸಿಗದ ಬೈಗುಳ ಅದು.

ಮಡು ಅವರು ಹೇಳಿದ ಹಾಗೇ ಇತ್ತು. ಮೇಲಿನ ಬಂಡೆಯಿಂದ ನೀರು ಸಣ್ಣಗೆ ಜಾರಿ ಬಂದು ಅಗಲವಾಗಿ ನಿಂತಿತ್ತು, ತಳದ ಕಲ್ಲು ಕಾಣುವಷ್ಟು ತಿಳಿ. ಆಚೆ ದಡದಲ್ಲಿ ಒಂದು ಚಪ್ಪಟೆ ಬಂಡೆ. ಅದರ ಬುಡದಲ್ಲಿ ನೀರು ಕಡುಹಸಿರು, ಅಲ್ಲೇ ಆಳ. ನಾನು ಮತ್ತು ಗೌರಕ್ಕ ಬಂಡೆಯ ಮರೆಗೆ ಹೋಗಿ ನೈಟಿ ತೊಟ್ಟೆವು. ಮೇಡಂ ಟ್ರ್ಯಾಕ್ ಪ್ಯಾಂಟಿನಲ್ಲಿ ಮೊದಲೇ ಇಳಿದು, ಕಾಲಲ್ಲಿ ತಡವಿ ಚೂಪು ಕಲ್ಲುಗಳನ್ನು ಎತ್ತಿ ಹಾಕುತ್ತಿದ್ದರು. ಹೆಂಗಸರು ನೀರಿಗಿಳಿಯುತ್ತಾರೆ ಅಂತ ಗಾರ್ಡ್ ದೂರ ಹೋಗಿ ನಮಗೆ ಬೆನ್ನು ಹಾಕಿ ಕೂತಿದ್ದರು. ಹೋಗುವ ಮೊದಲು ಅವ್ವ ಅವರಿಂದ ಒಂದು ಕೆಲಸ ಮಾಡಿಸಿಕೊಂಡದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅವ್ವನ ಲೆಕ್ಕ ಅವ್ವನದು. ಗುರುತಿಲ್ಲದ ನೀರಿಗೆ ಗಂಗಮ್ಮನ ಪೂಜೆ ಮಾಡದೆ ಇಳಿಯುವುದುಂಟಾ? ಟೀಚರಮ್ಮ ತೆಂಗಿನಕಾಯಿ ತಂದಿದ್ದಾರಲ್ಲ, ಪೂಜೆಗಲ್ಲದೆ ಇನ್ಯಾತಕ್ಕೆ? ಈಜಿಗೆ ಕಾಯಿ ಕಟ್ಟುವ ಮಾತೆಲ್ಲ ಹೋಟೆಲಿನ ಹಿತ್ತಲಲ್ಲಿ ನಡೆದದ್ದು, ಅವಳ ಕಿವಿಗೆ ಬಿದ್ದಿರಲಿಲ್ಲ. ಅಂಗಡಿಯಿಂದ ಸುಲಿದ ಕಾಯಿ ತಂದೇ ಅವಳಿಗೆ ರೂಢಿ, ಇವು ಒಣಗಿದ ಕಾಯಿ ಅಂತ ಗುರುತು ಹತ್ತಲಿಲ್ಲ. ಗಾರ್ಡ್ ಕೈಲಿ ಅಷ್ಟೂ ಕಾಯಿಯ ಸಿಪ್ಪೆ ಸುಲಿಸಿದ್ದಾಳೆ. ಬಂಡೆಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಹಚ್ಚಿ, ಮೊದಲನೇ ಕಾಯಿ ಒಡೆದಿದ್ದಾಳೆ. ಒಂದು ತೊಟ್ಟು ನೀರಿಲ್ಲ!

ಪೂಜೆಯ ಕಾಯಲ್ಲಿ ನೀರಿಲ್ಲ ಅಂದರೆ ಅವ್ವನಂಥವಳಿಗೆ ಇನ್ನೇನು ಬೇಕು? ಎದೆ ಒಡೆದುಕೊಂಡು ಎರಡನೆಯದು ಒಡೆದಳು. ಅದೂ ಹಾಗೇ. ಒಂದಾದರೂ ಒಳ್ಳೆಯದು ಬರಲಿ ಅಂತ ಉಳಿದವನ್ನೂ ಒಡೆದಳು. ನಾನು ಬಂಡೆಯ ಮರೆಯಿಂದ ಬರುವ ಹೊತ್ತಿಗೆ ಎರಡು ಜೋಡಿಯೂ ಚೂರು, ಒಳಗಿನ ಕೊಬ್ಬರಿ ಗಿಟುಕುಗಳು ಬಂಡೆಯ ಮೇಲೆಲ್ಲ ಉರುಳಾಡುತ್ತಿದ್ದವು. ಅವ್ವ ನಡುವೆ ಕೂತು ಗೋಳೋ ಅಂತ ಅಳುತ್ತಿದ್ದಳು.

“ಗಂಗಮ್ಮ ಬ್ಯಾಡ ಅಂತಾವ್ಳೆ ಕಣೇ! ಒಂದ್ರಾಗೂ ನೀರಿಲ್ಲ! ನಡಿ ಮನೀಗೆ!”

ಮೇಡಂ ನೀರಿನಿಂದ ಮೇಲೆ ಬಂದು ನೋಡಿದರು. ಒಂದು ಗಳಿಗೆ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕೂ ನಕ್ಕೂ ಅವ್ವನ ಪಕ್ಕದಲ್ಲೇ ಕುಸಿದು ಕೂತರು. “ಅಯ್ಯೋ ಅಕ್ಕಾ! ನೀರಿಲ್ಲ ಅಂತ್ಲೇ ಕಣ್ರೀ ನಾನು ತಂದಿದ್ದು! ನಿಮ್ ಮಗಳ ಬೆನ್ನಿಗೆ ಕಟ್ಟೋಕೆ. ಒಳಗೆ ನೀರಿದ್ರೆ ಭಾರ ಆಗಲ್ವಾ? ಒಣಗಿದ್ರೇ ತೇಲೋದು.” ಒಂದು ಗಿಟುಕು ಎತ್ತಿ ಅವ್ವನ ಅಂಗೈಗೆ ಇಟ್ಟರು. “ನೋಡಿ, ಎಷ್ಟು ಚೆನ್ನಾಗೈತೆ. ಇದು ಕೆಟ್ಟ ಕಾಯಲ್ಲ ಅಕ್ಕಾ, ಕೊಬ್ಬರಿ. ಗಂಗಮ್ಮ ಬ್ಯಾಡ ಅಂದಿಲ್ಲ.”

ಅವ್ವ ಅಳು ನಿಲ್ಲಿಸಿ ಕೊಬ್ಬರಿಯನ್ನೇ ನೋಡಿದಳು. ಗೌರಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು, “ಚಟ್ನಿಗೂ ಆಗೋದು” ಅಂದಳು.

ನಗು ಮುಗಿದ ಮೇಲೆ ಮೇಡಂ ನನ್ನ ಮುಖ ನೋಡಿದರು. ಕಟ್ಟಲು ಕಾಯಿ ಇರಲಿಲ್ಲ. ಇನ್ನೊಂದು ಭಾನುವಾರ ಬರೋಣವೇ ಅಂತ ಗಾರ್ಡ್‌ಗೆ ಕೂಗಿ ಕೇಳಿದರೆ, ಅವರು ಬೆನ್ನು ಹಾಕಿಕೊಂಡೇ ಉತ್ತರ ಕೊಟ್ಟರು. “ಆಗಲ್ಲ ಮೇಡಂ. ಇನ್ನೇನ್ ಬೆಂಕಿ ಸೀಜನ್ ಬತ್ತೈತೆ, ಒಳಗೆ ಯಾರ್ನೂ ಬಿಡಲ್ಲ. ಆಮ್ಯಾಲೆ ಮಳೆ, ಹಳ್ಳ ಕೆಂಪಗೆ ತುಂಬಿ ಹರೀತದೆ. ಮುಂದಿನ್ ವರ್ಷನೇಯ.”

ಮುಂದಿನ ವರ್ಷ ಅನ್ನುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮುಂದಿನ ವರ್ಷ ಆಪರೇಷನ್ ಮಾಡಿಸೋಣ, ಮುಂದಿನ ವರ್ಷ ಒಳ್ಳೆ ಬೂಟು ಮಾಡಿಸೋಣ. ಆ ಹಸಿರು ನೀರು ನೋಡಿದೆ, ಆಚೆಯ ಚಪ್ಪಟೆ ಬಂಡೆ ನೋಡಿದೆ. ಭಯ ಆಗಲಿಲ್ಲ ಅಂದರೆ ಸುಳ್ಳು.

“ಕಾಯಿ ಬ್ಯಾಡ ಮೇಡಂ. ನೀವ್ ಹಿಡ್ಕೊಳ್ಳಿ” ಅಂದೆ.

ಅವ್ವ ನನ್ನ ನೈಟಿಯ ತುದಿ ಹಿಡಿದುಕೊಂಡಳು. “ಬ್ಯಾಡ ಕಣವ್ವ. ನಿಂಗೇನಾರ ಆದ್ರೆ ನಾನ್ ಯಾವ್ ಮಕ ಇಟ್ಕಂಡು ಬದುಕ್ಲಿ?”

“ಅಕ್ಕಾ, ನೀವೂ ಕೂರ್ಸಿದ್ರಿ, ನಾನೂ ಕೂರ್ಸಿದ್ದೆ. ಕೂತು ಕೂತು ಸಾಕಾಗೈತೆ ಅದಕ್ಕೆ. ಇವತ್ತೊಂದಿನ ಬಿಡಿ” ಅಂದರು ಮೇಡಂ. ದನಿ ಏರಿಸಲಿಲ್ಲ. ಅವ್ವ ತುದಿ ಬಿಡಲಿಲ್ಲ. ನಾನೇ ಬಗ್ಗಿ ಅವಳ ಬೆರಳು ಒಂದೊಂದಾಗಿ ಬಿಡಿಸಿದೆ.

ನಿಂತು ಇಳಿಯುವ ಧೈರ್ಯ ಇರಲಿಲ್ಲ. ಬಂಡೆಯ ಮೇಲೆ ಕೂತು, ಮಕ್ಕಳು ಜಾರುವ ಹಾಗೆ ಜಾರಿಕೊಂಡು ಇಳಿದೆ. ಅಬ್ಬಾ, ಆ ಚಳಿ! ಜೀವವೇ ಹೋದ ಹಾಗಾಗಿ ಕೂಗಿಕೊಂಡೆ. ನೈಟಿ ಗಾಳಿ ತುಂಬಿಕೊಂಡು ಬುಸ್ಸಂತ ಮೇಲೆದ್ದಿತು. ಗೌರಕ್ಕ ನಗುತ್ತಾ ಅದನ್ನು ಒತ್ತಿ ಗಂಟು ಹಾಕಿದಳು. ಮೇಡಂ ನನ್ನ ಬೆನ್ನಿನ ಕೆಳಗೆ ಎರಡೂ ಅಂಗೈ ಕೊಟ್ಟು, “ಹಿಂದಕ್ಕೆ ಒರಗು. ತಲೆ ಬಿಡು. ನಾನಿದೀನಿ” ಅಂದರು. ಒರಗಿದೆ. ಕಿವಿ ನೀರಿನೊಳಗೆ ಹೋದ ಕೂಡಲೇ ಅವ್ವನ ಗೋಳು ಕೇಳಿಸದಾಯಿತು. ಮೇಲೆ ಆಕಾಶ, ಬಿದಿರಿನ ತುದಿ. ಕಾಲು ತಾನಾಗಿಯೇ ಮೇಲಕ್ಕೆ ಬಂತು, ಎರಡೂ ಕಾಲು, ಒಟ್ಟಿಗೆ. ಎಡಗೈ ಎಲ್ಲಿದೆ ಅಂತ ಹುಡುಕಿದೆ. ಮಂಡಿಯ ಮೇಲೆ ಇರಲಿಲ್ಲ. ನೀರಿನಲ್ಲಿ ಸುಮ್ಮನೆ ಚಾಚಿಕೊಂಡಿತ್ತು.

ಎಷ್ಟು ಹೊತ್ತು ಹಾಗಿದ್ದೆವೋ ಗೊತ್ತಿಲ್ಲ. ಬೋರಲಾಗಿಸಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು, “ಬೆಂಚಿನ ಮ್ಯಾಲೆ ಬೀಸ್ದಂಗೆ ಬೀಸು” ಅಂದರು. ಬೀಸಿದೆ, ನೀರು ಕುಡಿದೆ, ಕೆಮ್ಮಿದೆ. ಬೈದರು. ಮತ್ತೆ ಬೀಸಿದೆ. ಮೊದಲು ಸೊಂಟದ ನೀರಿನಲ್ಲಿ, ಆಮೇಲೆ ಎದೆ ಮಟ್ಟದಲ್ಲಿ. ಬಿಸಿಲು ನೆತ್ತಿಗೆ ಬಂದಿತ್ತು. ಚಳಿಯೂ ಬಿಟ್ಟಿತ್ತು.

“ಈಗ ಆ ಬಂಡೆಗೆ ಹೋಗೋಣ. ಮುಟ್ಟೋ ತನಕ ನಿಲ್ಲಿಸ್ಬೇಡ” ಅಂದರು ಮೇಡಂ. ಹಸಿರು ನೀರು ದಾಟಬೇಕು. ಅವರ ಕೈ ನನ್ನ ಹೊಟ್ಟೆಯ ಕೆಳಗಿತ್ತು. ಬೀಸಿದೆ. ಕೊಳಗದಲ್ಲಿ ಬಿಟ್ಟ ಹಾಗೆ ಉಸಿರು ಬಿಟ್ಟೆ, ತಲೆ ಎತ್ತಿ ಎಳೆದುಕೊಂಡೆ, ಬೀಸಿದೆ. ನೀರು ನನ್ನನ್ನು ಹೊತ್ತುಕೊಂಡು ಹೋಗುತ್ತಿತ್ತೋ ನಾನು ಹೋಗುತ್ತಿದ್ದೆನೋ. ಕಾಲ ಕೆಳಗೆ ತಳ ಇರಲಿಲ್ಲ. ಬಂಡೆ ಹತ್ತಿರ ಬಂತು, ಕೈಗೆ ಸಿಕ್ಕಿತು, ಗಟ್ಟಿಯಾಗಿ ತಬ್ಬಿಕೊಂಡೆ. ತಿರುಗಿ ನೋಡಿದರೆ ಮೇಡಂ ಮಡುವಿನ ನಡುವೆ ಎರಡೂ ಕೈ ನೀರಿನ ಮೇಲೆತ್ತಿಕೊಂಡು ನಿಂತಲ್ಲೇ ತೇಲುತ್ತಿದ್ದರು. ಯಾವಾಗ ಬಿಟ್ಟಿದ್ದರೋ ನನಗೆ ಗೊತ್ತೇ ಆಗಿರಲಿಲ್ಲ.

“ಬಾರೇ ವಾಪಸ್ಸು!” ಅಂತ ಕೂಗಿದರು. ಬಂಡೆಯನ್ನು ಕೈಯಿಂದ ತಳ್ಳಿ ಹೊರಟೆ. ಈ ಸಲ ಹಿಡಿಯುವವರು ಯಾರೂ ಇರಲಿಲ್ಲ. ಮೇಡಂ ನನ್ನ ಪಕ್ಕದಲ್ಲೇ, ಮುಟ್ಟದೆ, ಈಜುತ್ತಾ ಬಂದರು.

ಅವ್ವ ಬಂಡೆಯ ತುದಿಗೆ ಬಂದು ನಿಂತಿದ್ದಳು. ಅಳು ನಿಂತಿತ್ತು. ಕೈಯಲ್ಲಿ ಇನ್ನೂ ಆ ಕೊಬ್ಬರಿ ಗಿಟುಕು. ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ಬಗ್ಗಿ ಬಗ್ಗಿ, ತಿಳಿ ನೀರಿನೊಳಗೆ ಆಡುತ್ತಿದ್ದ ನನ್ನ ಕಾಲುಗಳನ್ನು ನೋಡಿದಳು. ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ಇಷ್ಟು ವರ್ಷ ತನ್ನ ಕೈಯಾರೆ ಎಣ್ಣೆ ತಿಕ್ಕಿದ ಕಾಲು ಅದು.

“ಟೀಚರಮ್ಮ” ಅಂತ ಕೂಗಿದಳು ಅವ್ವ, “ಇವಳ ಸೋತಿರೋ ಕಾಲು ಯಾವ್ದು? ನಂಗೆ ಗೊತ್ತೇ ಆಗ್ತಿಲ್ವಲ್ಲ!”

ಮೇಡಂ ಮುಖದ ನೀರು ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

“ನಾನೂ ಅದನ್ನೇ ನೋಡ್ತಾ ಇದೀನಿ ಕಣಕ್ಕಾ” ಅಂದರು. “ನಂಗೂ ಗೊತ್ತಾಗ್ತಿಲ್ಲ.”